ಹಂಚಿದರೆ ಉಳಿಯುವ ಸಂಪತ್ತು



1556ರ ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್‌ನ ಹಡಗೊಂದು ಗೋವಾಕ್ಕೆ ಬಂತು. ಅದರಲ್ಲಿ ಒಂದು ಮುದ್ರಣಯಂತ್ರವಿತ್ತು. ಅದು ಹೋಗಬೇಕಾಗಿದ್ದುದು ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾಕ್ಕೆ. ಆದರೆ ದೇವರ ಚಿತ್ತ ಬೇರೆಯಿತ್ತು. ಯಂತ್ರ ಗೋವಾದಲ್ಲೇ ಉಳಿಯಿತು. ಸಂತ ಪೌಲರ ಕಾಲೇಜಿನಲ್ಲಿ ಯೇಸುಸಭೆಯವರು ಅದನ್ನು ನಡೆಸಿದರು. ಭಾರತದಲ್ಲಿ ಅಚ್ಚಿನ ಕೆಲಸ ಆರಂಭವಾದದ್ದು ಹೀಗೆ.

2000ರ ದಶಕದ ಆರಂಭದಲ್ಲಿ ಅದೇ ಗೋವಾಕ್ಕೆ ಮತ್ತೆ ಯಂತ್ರಗಳು ಬಂದವು. ಹೊರದೇಶಗಳಲ್ಲಿ ಬಳಸಿ ಬದಿಗಿಟ್ಟ ಕಂಪ್ಯೂಟರುಗಳನ್ನು ಅಲ್ಲಿ ನೆಲೆಸಿದ ಗೋವನ್ನರು ಊರಿನ ಶಾಲೆಗಳಿಗಾಗಿ ತರಿಸಿದರು. ಕಂಪ್ಯೂಟರೇನೋ ದಾನವಾಗಿ ಸಿಕ್ಕಿತು. ಅದನ್ನು ನಡೆಸುವ ತಂತ್ರಾಂಶಕ್ಕೆ ಹಣ ಎಲ್ಲಿಂದ? ಆಗ ಕೈಹಿಡಿದದ್ದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಹಳೆಯ, ನಿಧಾನದ ಯಂತ್ರಗಳಲ್ಲಿಯೂ ಅದು ಓಡುತ್ತದೆ, ಪರವಾನಗಿ ಶುಲ್ಕವೂ ಇಲ್ಲ.

ಈ ಚಳವಳಿ ಹುಟ್ಟಿದ ಕಥೆ ಸ್ವಾರಸ್ಯಕರ. ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸದಲ್ಲಿದ್ದರು. ಅಲ್ಲಿನ ಹೊಸ ಪ್ರಿಂಟರಿನಲ್ಲಿ ಕಾಗದ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಸರಿಪಡಿಸಲು ಅದರ ಮೂಲ ಬರಹ ಬೇಕಿತ್ತು. ಅದನ್ನು ಬಲ್ಲವರೊಬ್ಬರನ್ನು ಕೇಳಿದಾಗ, 'ಯಾರಿಗೂ ಕೊಡುವುದಿಲ್ಲವೆಂದು ಮಾತುಕೊಟ್ಟಿದ್ದೇನೆ' ಎಂಬ ಉತ್ತರ ಬಂತು. ನೆರೆಯವನಿಗೆ ನೆರವಾಗದಂತೆ ತಡೆಯುವ ಒಪ್ಪಂದ ಸರಿಯೇ? ಈ ಪ್ರಶ್ನೆ ಅವರನ್ನು ಕಾಡಿತು. 1983ರಲ್ಲಿ ಅವರು 'ಗ್ನು' ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಬರೆದು ಜಗತ್ತಿನ ಮುಂದಿಟ್ಟರು. 'ಓಪನ್ ಸೋರ್ಸ್' ಎಂಬ ಹೆಸರು ಬಳಕೆಗೆ ಬಂದದ್ದು 1998ರಲ್ಲಿ.

ಇದರ ಆದರ್ಶ ನಾಲ್ಕು ಸ್ವಾತಂತ್ರ್ಯಗಳಲ್ಲಿ ಅಡಗಿದೆ: ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸುವುದು, ಅದರ ಒಳಗನ್ನು ತೆರೆದು ಕಲಿಯುವುದು, ಇತರರಿಗೆ ಹಂಚುವುದು, ಸುಧಾರಿಸಿ ಮರಳಿ ಕೊಡುವುದು. ಉಚಿತ ಬೇರೆ, ಮುಕ್ತ ಬೇರೆ. ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತವಲ್ಲ.

ಹಂಚುವುದರಿಂದ ಏನು ಲಾಭ ಎನ್ನುವವರಿಗೆ ಗೋವಾದ್ದೇ ಒಂದು ಉತ್ತರವಿದೆ. ಫಾದರ್ ಥಾಮಸ್ ಸ್ಟೀಫನ್ಸ್ ಅವರ 'ಕ್ರಿಸ್ತಪುರಾಣ' 1616ರಲ್ಲಿ ರಾಶೋಲಿನಲ್ಲಿ ಅಚ್ಚಾಯಿತು. ಆ ಅಚ್ಚಿನ ಒಂದು ಪ್ರತಿಯೂ ಇಂದು ಕಾಣಸಿಗದು. ಗ್ರಂಥ ಉಳಿದದ್ದು ಭಕ್ತರು ಕೈಯಿಂದ ನಕಲು ಮಾಡಿಕೊಂಡದ್ದರಿಂದ. ಅಂಥ ಹಸ್ತಪ್ರತಿಗಳ ಆಧಾರದಿಂದಲೇ 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅವರು ಅದನ್ನು ಮಂಗಳೂರಿನಲ್ಲಿ ಮತ್ತೆ ಅಚ್ಚು ಹಾಕಿಸಿದರು. ತಿಜೋರಿಯಲ್ಲಿ ಭದ್ರವಾಗಿಟ್ಟಿದ್ದರೆ ನಮ್ಮ ಪಾಲಿಗೆ ಬರುತ್ತಿತ್ತೇ? 2013ರಲ್ಲಿ ಗೋವಾ ವಿಶ್ವವಿದ್ಯಾಲಯವೂ ತನ್ನ ಕೊಂಕಣಿ ವಿಶ್ವಕೋಶವನ್ನು ಯಾರು ಬೇಕಾದರೂ ಬಳಸಿ ಹಂಚಲೆಂದು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು.

ಆದರೆ ಎಲ್ಲ ನಕಲೂ ಪುಣ್ಯದ ಕೆಲಸವಲ್ಲ. ಇಲ್ಲಿ ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇವೆ. ಧರ್ಮಕೇಂದ್ರದ ಕಛೇರಿಯಲ್ಲಿ ನಾವು ಹಲವು ವರ್ಷ ಕದ್ದ ತಂತ್ರಾಂಶವನ್ನೇ ಬಳಸಿದೆವು. 'ಎಲ್ಲರೂ ಹೀಗೇ ಮಾಡುತ್ತಾರಲ್ಲ' ಎಂಬುದು ನಮ್ಮ ಸಮಾಧಾನವಾಗಿತ್ತು. ಒಮ್ಮೆ ಕ್ರೈಸ್ತೋಪದೇಶದ ತರಗತಿಯಲ್ಲಿ ಏಳನೆಯ ದೇವಾಜ್ಞೆಯನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬ, 'ಫಾದರ್, ಸಿ.ಡಿ. ನಕಲು ಮಾಡಿದರೂ ಕಳ್ಳತನವೇ?' ಎಂದು ಕೇಳಿಬಿಟ್ಟ. ಹೌದೆಂದೆವು. ಮನೆಗೆ ಬಂದು ನಮ್ಮ ಮೇಜಿನ ಕಂಪ್ಯೂಟರನ್ನು ನೋಡಲು ನಾಚಿಕೆಯಾಯಿತು. ಬೆಲೆಯಿಟ್ಟು ಮಾರುವವರದೂ ದುಡಿಮೆಯೇ. ಅವರು ಒಪ್ಪದೆ ನಾವು ತೆಗೆದುಕೊಂಡರೆ ಅದು ಹಂಚಿಕೆಯಲ್ಲ. ಮುಕ್ತ ತಂತ್ರಾಂಶದಲ್ಲಿ ದುಡಿದವರೇ ಮನಸಾರೆ ಕೊಟ್ಟಿದ್ದಾರೆ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಬದಲಾವಣೆ ಸುಲಭವಾಗಿರಲಿಲ್ಲ. ಹಳೆಯ ಫಾಂಟಿನಲ್ಲಿದ್ದ ಕನ್ನಡ ಪ್ರಕಟಣೆಗಳು ಹೊಸದರಲ್ಲಿ ಅರ್ಥವಿಲ್ಲದ ಗೆರೆಗಳಾಗಿ ಕಂಡವು. ಕೆಲವನ್ನು ಯುನಿಕೋಡಿನಲ್ಲಿ ಮತ್ತೆ ಬೆರಳಚ್ಚು ಮಾಡಬೇಕಾಯಿತು. ಯುವಕರಿಬ್ಬರು ಜೊತೆಗೆ ಕುಳಿತು ಕಲಿಸಿದರು. ಈಗ ಪತ್ರ, ಲೆಕ್ಕಪತ್ರಗಳಿಗೆ ಲಿಬ್ರೆ ಆಫೀಸ್ ಸಾಕಾಗಿದೆ.

ಆದಿ ಕ್ರೈಸ್ತರು ತಮ್ಮದೆಲ್ಲವನ್ನೂ ಸಾಮಾನ್ಯವಾಗಿ ಇಟ್ಟುಕೊಂಡಿದ್ದರೆಂದು 'ಪ್ರೇಷಿತರ ಕಾರ್ಯಕಲಾಪಗಳು' ತಿಳಿಸುತ್ತದೆ. ಐದು ರೊಟ್ಟಿ ತಂದ ಬಾಲಕ ಅವನ್ನು ಬುತ್ತಿಯಲ್ಲೇ ಮುಚ್ಚಿಟ್ಟುಕೊಂಡಿದ್ದರೆ ಒಬ್ಬನ ಹಸಿವು ಮಾತ್ರ ನೀಗುತ್ತಿತ್ತು. ನಿಮ್ಮ ಮನೆಯ ಕಂಪ್ಯೂಟರಿನಲ್ಲಿರುವುದು ಕೊಂಡದ್ದೋ, ಕೊಟ್ಟದ್ದೋ, ಕದ್ದದ್ದೋ? ಈ ವಾರ ಮಕ್ಕಳೊಂದಿಗೆ ಕುಳಿತು ಒಮ್ಮೆ ನೋಡಿ. ಆ ಮಾತುಕತೆಯೇ ಒಂದು ಒಳ್ಳೆಯ ಆತ್ಮಪರಿಶೋಧನೆಯಾದೀತು.