ನಿಮಗಿದು ಗೊತ್ತೇ? – ಚೀಲವಿಲ್ಲದ ಕಣ್ಣಿಗೂ ಲೆನ್ಸ್!

ಪೊರೆ ಆಪರೇಷನ್‌ನಲ್ಲಿ ಹಾಕುವ ಲೆನ್ಸನ್ನು ಸಾಮಾನ್ಯವಾಗಿ ಹೊಲಿಯುವುದೇ ಇಲ್ಲ. ಹಳೆಯ ಮಸೂರವನ್ನು ಸುತ್ತಿಕೊಂಡಿದ್ದ ತೆಳು ಚೀಲದಲ್ಲೇ ಹೊಸದು ಕೂರುತ್ತದೆ.

ಪೆಟ್ಟು ಬಿದ್ದು ಚೀಲ ಹರಿದರೆ? ಅದನ್ನು ಹಿಡಿದಿಟ್ಟ ಎಳೆಗಳು ಸಡಿಲಗೊಂಡರೆ? ಆಗ ಕಣ್ಣಿನ ಬಿಳಿಗೋಡೆಗೇ ಲೆನ್ಸನ್ನು ಕಟ್ಟಿ ನಿಲ್ಲಿಸಬಹುದು. ಮಾರ್ಫನ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆ ಇರುವ ಮಕ್ಕಳಲ್ಲಿ ಈ ಎಳೆಗಳು ಹುಟ್ಟಿನಿಂದಲೇ ದುರ್ಬಲ. ಮಸೂರ ಹೆಚ್ಚಾಗಿ ಮೇಲಕ್ಕೆ ಜಾರುತ್ತದೆ.

ಮೊದಲ ಕೃತಕ ಲೆನ್ಸ್ ಕೂರಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು. ಯುದ್ಧವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಲ್ಲಿ ಹೊಕ್ಕಿದ್ದರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು.

ನಮ್ಮ ‘ಕಣ್ಣು ಕೊಟ್ಟಣ್ಣ’ ಡಾ. ಎಂ.ಸಿ. ಮೋದಿ ಕಣ್ಣಿನ ಆಪರೇಷನ್ ಶಿಬಿರಗಳನ್ನು ನಡೆಸುತ್ತಿದ್ದ ಕಾಲಕ್ಕೆ ಮಸೂರವನ್ನು ಚೀಲಸಮೇತ ತೆಗೆಯುವುದೇ ರೂಢಿ. ಆಮೇಲೆ ದಪ್ಪ ಗಾಜಿನ ಕನ್ನಡಕ. ಅಂಥ ಕಣ್ಣಿಗೂ ಇಂದು ಲೆನ್ಸ್ ಹಾಕಬಹುದು.

ಲೆನ್ಸನ್ನು ಬಿಳಿಗೋಡೆಗೆ ಹೊಲಿಯಲು ಬಹುಕಾಲ ಬಳಸಿದ್ದು ತಲೆಗೂದಲಿಗಿಂತ ತೆಳುವಾದ 10-0 ಪಾಲಿಪ್ರೊಪಿಲೀನ್ ದಾರ. ಆಪರೇಷನ್ ಚೆನ್ನಾಗಿ ಆಗಿ, ದೃಷ್ಟಿಯೂ ಮರಳಿ, ಎಲ್ಲವೂ ಮರೆತೇಹೋದ ಎಷ್ಟೋ ವರ್ಷಗಳ ಮೇಲೆ ಅದು ಸವೆದು ತುಂಡಾಗಬಹುದು. ಲೆನ್ಸ್ ಒಂದು ಬದಿಗೆ ವಾಲುತ್ತದೆ, ಇಲ್ಲವೇ ಕಣ್ಣಿನ ಹಿಂಭಾಗಕ್ಕೇ ಬೀಳುತ್ತದೆ. ಮುಂದೆ ದೀರ್ಘ ಬಾಳಿರುವ ಚಿಕ್ಕ ವಯಸ್ಸಿನವರಿಗೇ ಈ ಆತಂಕ ಹೆಚ್ಚು. ದಾರದ ಗಂಟು ಹೊರಗೆ ಕಾಣಿಸಿಕೊಂಡರಂತೂ ಸೋಂಕಿಗೆ ದಾರಿಯಾದಂತೆ. ‘ಕಣ್ಣು ಚೆನ್ನಾಗಿದೆಯಲ್ಲ’ ಎಂದು ತಪಾಸಣೆ ಬಿಡುವುದು ನನಗೆ ನಿಜಕ್ಕೂ ಕಳವಳ ತರುವ ಸಂಗತಿ. ಈಗ ಹಲವು ವೈದ್ಯರು ಅದಕ್ಕಿಂತ ದಪ್ಪನೆಯ 9-0 ದಾರ ಅಥವಾ ಗೋರ್‌ಟೆಕ್ಸ್ ದಾರ ಬಳಸುತ್ತಿದ್ದಾರೆ.

ದಾರವೇ ಬೇಡವೆಂದವರೂ ಉಂಟು. ಚೆನ್ನೈನ ಡಾ. ಅಮರ್ ಅಗರ್ವಾಲ್ 2007ರಲ್ಲಿ ಲೆನ್ಸಿನ ಅಂಚಿನಿಂದ ಚಾಚಿದ ‘ಕಾಲು’ಗಳನ್ನು ಬಿಳಿಗೋಡೆಯೊಳಗೆ ತೂರಿಸಿ ಫೈಬ್ರಿನ್ ಅಂಟು ಹಾಕಿದರು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನೂ ಈ ಫೈಬ್ರಿನ್ನೇ! ಜಪಾನಿನ ಶಿನ್ ಯಮಾನೆ ಅಂಟನ್ನೂ ಬಿಟ್ಟರು: ಕಾಲಿನ ತುದಿಗೆ ಬಿಸಿ ತಾಗಿಸಿದರೆ ಅದು ಪುಟ್ಟ ಗುಂಡಿಯಂತೆ ಉಬ್ಬಿ ಗೋಡೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ಯಾವುದು ಮೇಲು? 2020ರಲ್ಲಿ ಅಮೆರಿಕದ ನೇತ್ರತಜ್ಞರ ಅಕಾಡೆಮಿ ಅಧ್ಯಯನಗಳನ್ನು ಜಾಲಾಡಿತು. ಒಂದನ್ನೇ ಗೆಲ್ಲಿಸುವಷ್ಟು ಆಧಾರ ಸಿಗಲಿಲ್ಲ.

ಕಣ್ಣೊಳಗೆ ರಕ್ತ ಒಸರುವುದು, ಕಣ್ಣಿನ ಒತ್ತಡದ ಏರುಪೇರು, ರೆಟಿನಾದ ನಡುಭಾಗ ಊದುವುದು ಯಾವ ವಿಧಾನದಲ್ಲೂ ಆಗಬಹುದು. ರೆಟಿನಾ ಕಳಚುವುದು ಅಪರೂಪ, ಆದರೆ ಗಂಭೀರ. ಕಣ್ಣೆದುರು ದಿಢೀರನೆ ಮಿಂಚು, ತೇಲುವ ಕಪ್ಪು ಚುಕ್ಕೆ, ಪರದೆ ಇಳಿದಂಥ ನೆರಳು ಕಂಡರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.