ಮನೆಗಿಂತ ಮೊದಲು ನೆಲದ ಹಕ್ಕು

1973ರ ಕರ್ನಾಟಕ ಕೊಳಚೆ ಪ್ರದೇಶಗಳ (ಅಭಿವೃದ್ಧಿ ಮತ್ತು ನಿರ್ಮೂಲನ) ಅಧಿನಿಯಮದ ಹೆಸರಿನಲ್ಲೇ ಎರಡು ವಿರುದ್ಧ ಆಶಯಗಳು ಅಕ್ಕಪಕ್ಕ ಕುಳಿತಿವೆ. ಅದನ್ನು ಜಾರಿಗೊಳಿಸಲು ಹುಟ್ಟಿದ ಕೊಳಚೆ ನಿರ್ಮೂಲನಾ ಮಂಡಳಿಯು ಮುಂದೆ ಕೊಳಗೇರಿ ಅಭಿವೃದ್ಧಿ ಮಂಡಳಿಯಾಯಿತು. ಹೆಸರು ಬದಲಾದಷ್ಟು ಸುಲಭವಾಗಿ ದೃಷ್ಟಿ ಬದಲಾಗಲಿಲ್ಲ. ಗುಡಿಸಲುಗಳನ್ನು ತೆರವುಗೊಳಿಸಿ, ಅದೇ ಜಾಗದಲ್ಲೋ ಊರಾಚೆಯ ಸರ್ಕಾರಿ ಜಮೀನಿನಲ್ಲೋ ಮೂರು ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿ, ಫಲಾನುಭವಿಯ ಕೈಗೆ ಬೀಗದ ಕೈ ಇಡುವುದನ್ನೇ ನಾವು ವಸತಿ ಎಂದು ಕರೆಯುತ್ತ ಬಂದಿದ್ದೇವೆ.

2011ರ ಜನಗಣತಿಯ ಪ್ರಕಾರ ದೇಶದ ಕೊಳಗೇರಿಗಳಲ್ಲಿದ್ದವರು ಸುಮಾರು ಆರೂವರೆ ಕೋಟಿ ಜನ. ಇವರ ಪಾಲಿಗೆ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ. ಊದುಬತ್ತಿ ಹೊಸೆಯುವುದು, ಹೂ ಕಟ್ಟುವುದು, ಬಟ್ಟೆ ಹೊಲಿಯುವುದು, ಗುಜರಿ ವಿಂಗಡಿಸುವುದು ಎಲ್ಲವೂ ಬಾಗಿಲ ಮುಂದಿನ ನಾಲ್ಕು ಅಡಿಯಲ್ಲೇ ನಡೆಯಬೇಕು. ತಳ್ಳುಗಾಡಿಯವನನ್ನು ಮೂರನೆಯ ಮಹಡಿಗೆ ಏರಿಸಿದರೆ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು? ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವಾಕೆಯನ್ನು ಹದಿನೈದು ಕಿಲೋಮೀಟರು ದೂರಕ್ಕೆ ಕಳುಹಿಸಿದರೆ ಅವಳ ದುಡಿಮೆಯ ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ. ಆಗ ಅವಳು ಆ ಮನೆಯನ್ನು ಬಾಡಿಗೆಗೆ ಕೊಟ್ಟು ಹಳೆಯ ಬಡಾವಣೆಯ ಸಮೀಪ ಮತ್ತೊಂದು ಶೀಟಿನ ಮನೆ ಹುಡುಕುತ್ತಾಳೆ. ಕಡತಗಳಲ್ಲಿ ಇದು 'ದುರುಪಯೋಗ' ಎಂದು ದಾಖಲಾಗುತ್ತದೆ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಅದು ತೀರಾ ಸಹಜವಾದ ಆಯ್ಕೆ.

ಬೇರೆ ದಾರಿ ಇಲ್ಲವೆಂದಲ್ಲ. 1980ರ ದಶಕದಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ವಾಸ್ತುಶಿಲ್ಪಿ ಬಿ.ವಿ. ದೋಶಿ ರೂಪಿಸಿದ ಅರಣ್ಯ ಬಡಾವಣೆಯಲ್ಲಿ ಸುಮಾರು 6,500 ನಿವೇಶನಗಳಿದ್ದವು. ಬಡ ಕುಟುಂಬಕ್ಕೆ ಸಿಕ್ಕಿದ್ದು 35 ಚದರ ಮೀಟರಿನ ಆಸುಪಾಸಿನ ನಿವೇಶನ, ತಳಪಾಯ, ನೀರು, ಚರಂಡಿ ಮತ್ತು ಶೌಚಾಲಯ. ಉಳಿದದ್ದನ್ನು ಕೈಯಲ್ಲಿ ಕಾಸಾದಾಗ ಅವರೇ ಕಟ್ಟಿಕೊಳ್ಳಬೇಕು. ಹೇಗೆ ಕಟ್ಟಬಹುದೆಂದು ತೋರಿಸಲು 80 ಮಾದರಿ ಮನೆಗಳನ್ನು ನಿರ್ಮಿಸಲಾಯಿತು. ಅವುಗಳ ಜಗಲಿ, ಹೊರಮೆಟ್ಟಿಲುಗಳೆಲ್ಲ ನಮ್ಮ ಹಳ್ಳಿಯ ಕೇರಿಗಳನ್ನು ನೆನಪಿಸುವಂಥವು. ದೊಡ್ಡ ನಿವೇಶನಗಳನ್ನು ಹೆಚ್ಚಿನ ಬೆಲೆಗೆ ಮಾರಿ ಬಡವರ ನಿವೇಶನದ ಹೊರೆಯನ್ನು ತಗ್ಗಿಸುವುದು ಅದರ ಹಣಕಾಸಿನ ಸೂತ್ರ. 1995ರಲ್ಲಿ ಯೋಜನೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಕಾಲಕ್ರಮದಲ್ಲಿ ಮೊದಲ ಹಂಚಿಕೆದಾರರು ಹಲವರು ಮಾರಿ ಹೋದರು, ಅವರ ಜಾಗಕ್ಕೆ ಉಳ್ಳವರು ಬಂದರು ಎಂಬುದನ್ನೂ ಮರೆಮಾಚಬೇಕಿಲ್ಲ.

ಈ ಮಾರಾಟದ ಸಮಸ್ಯೆಗೆ ಒಡಿಶಾ ಒಂದು ಉತ್ತರ ಹುಡುಕಿದೆ. ಕೊಳಗೇರಿ ನಿವಾಸಿಗಳ ಭೂಹಕ್ಕಿಗಾಗಿ ಆ ರಾಜ್ಯ 2017ರಲ್ಲಿ ತಂದ ಕಾನೂನಿನಂತೆ, ಹಕ್ಕುಪತ್ರ ಮಕ್ಕಳಿಗೆ ಸಲ್ಲುತ್ತದೆ. ಸಾಲಕ್ಕಾಗಿ ಅಡಮಾನವಿಡಬಹುದು, ಆದರೆ ಮಾರುವಂತಿಲ್ಲ. ಇದರ ಮಹತ್ವ ಕೇಂದ್ರದ ಯೋಜನೆಯನ್ನು ನೋಡಿದರೆ ತಿಳಿಯುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಅತಿ ಹೆಚ್ಚು ಮನೆಗಳು ಮಂಜೂರಾದದ್ದು, ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳುವವರಿಗೆ ಕೇಂದ್ರವು 1.5 ಲಕ್ಷ ರೂಪಾಯಿ ನೀಡುವ ಭಾಗದಲ್ಲಿ. ದಾಖಲೆಯಿಲ್ಲದ ಕೊಳಗೇರಿ ನಿವಾಸಿಗೆ ಆ ಬಾಗಿಲು ತೆರೆಯುವುದೇ ಇಲ್ಲ.

ಬೆಂಗಳೂರಿನಲ್ಲಿ ಅಷ್ಟು ಬೆಲೆಬಾಳುವ ನೆಲವನ್ನು ಬಡವರಿಗೆ ಕೊಡುವುದು ಹೇಗೆಂದು ಕೇಳುವವರಿದ್ದಾರೆ. ಆ ನೆಲದಲ್ಲಿ ಅವರು ಈಗಾಗಲೇ ಇದ್ದಾರೆ. ರಾಜಕಾಲುವೆಯ ಅಂಚಿನಲ್ಲೋ ರೈಲು ಹಳಿಯ ಪಕ್ಕದಲ್ಲೋ ಇರುವವರನ್ನು ಸ್ಥಳಾಂತರಿಸದೆ ಗತ್ಯಂತರವಿಲ್ಲ, ಅದೂ ಅವರ ಕೆಲಸಕ್ಕೆ ಹತ್ತಿರದಲ್ಲೇ. ಉಳಿದೆಡೆ ಓಣಿಗಳನ್ನು ಅಳೆದು, ಆಂಬುಲೆನ್ಸ್ ನುಗ್ಗುವಷ್ಟು ಅಗಲ ಮಾಡಿ, ಕೊಳವೆ ಹಾಕಿ, ಗಂಡ ಹೆಂಡತಿಯರ ಜಂಟಿ ಹೆಸರಿನಲ್ಲಿ ಹಕ್ಕುಪತ್ರ ಕೊಟ್ಟರೆ ಮಹಡಿಯನ್ನು ಅವರೇ ಏರಿಸಿಕೊಳ್ಳುತ್ತಾರೆ. ಆದರೆ ನೆಲ ಒಂದು ಇಲಾಖೆಯದು, ಕಾಲೊನಿಯ ಹೊಣೆ ಇನ್ನೊಂದರದು. ಮಾಲೀಕ ಇಲಾಖೆ ಬಿಟ್ಟುಕೊಡದೆ ಹಕ್ಕುಪತ್ರ ಹೊರಡುವುದಿಲ್ಲ. ಇಂಥದ್ದೊಂದು ಕಡತ ಮೂರು ಕಚೇರಿಗಳ ನಡುವೆ ಓಡಾಡುತ್ತಿದ್ದುದನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಅಷ್ಟರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಮತದಾರರ ಪಟ್ಟಿಗೆ ಸೇರಿದ್ದರು.