ಚೆಕ್ಕು ಮರಳಿದರೆ ಬೆಳೆಗಾರನು ಮಾಡಬೇಕಾದುದೇನು?



ಅಡಿಕೆಯನ್ನಾಗಲಿ ಕಾಫಿಯನ್ನಾಗಲಿ ಮನೆಯಂಗಳದಲ್ಲೇ ತೂಗಿಕೊಟ್ಟು ಮುಂದಿನ ತಾರೀಖಿನ ಚೆಕ್ಕು ಪಡೆಯುವ ವಾಡಿಕೆ ನಮ್ಮಲ್ಲುಂಟು. ಚೆಕ್ಕು ಬಂದರೆ ಹಣವೇ ಬಂದಂತೆ ಎಂದು ಕೆಲವು ವರ್ಷಗಳ ಹಿಂದೆ ನಾನೂ ಭಾವಿಸಿದ್ದೆ. ವ್ಯಾಪಾರಿಯು "ಸ್ವಲ್ಪ ತಡೆಯಿರಿ" ಎಂದುದರಿಂದ ಅವಧಿ ಮುಗಿಯುವ ವಾರದಲ್ಲಿ ಬ್ಯಾಂಕಿಗೆ ಹಾಕಿದೆ. ಖಾತೆಯಲ್ಲಿ ಹಣವಿಲ್ಲವೆಂದು ಮರಳಿತು. "ಬರುವ ತಿಂಗಳು ಖಂಡಿತ" ಎಂಬ ಮಾತನ್ನು ನಂಬಿ ಮತ್ತೆರಡು ತಿಂಗಳು ಸುಮ್ಮನಿದ್ದೆ. ವಕೀಲರನ್ನು ಕಾಣುವಷ್ಟರಲ್ಲಿ ಕ್ರಿಮಿನಲ್ ದೂರಿನ ದಾರಿ ಮುಚ್ಚಿತ್ತು. ಸಿವಿಲ್ ದಾವೆಯೊಂದೇ ಉಳಿದಿತ್ತು. ಒಂದು ವರ್ಷದ ಫಸಲಿನ ಹಣ ಹೀಗೆ ಸಿಕ್ಕಿಬಿದ್ದಿತು. ಆ ತಪ್ಪು ನಿಮಗಾಗದಿರಲೆಂದು ಈ ಬರಹ.

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 138ನೆಯ ಕಲಮು ಸೇರಿ ಜಾರಿಗೆ ಬಂದುದು 1989ರಲ್ಲಿ. ಬಾಕಿ ತೀರಿಸಲು ಕೊಟ್ಟ ಚೆಕ್ಕು ಹಣ ಸಾಲದೆ ಮರಳಿದರೆ, ಮುಂದೆ ಹೇಳುವ ಕ್ರಮಗಳನ್ನು ಪಾಲಿಸಿದಲ್ಲಿ, ಅದು ಅಪರಾಧವಾಗುತ್ತದೆ. 2 ವರ್ಷಗಳವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಇಲ್ಲಿ ದಿನಗಳ ಲೆಕ್ಕವೇ ಮುಖ್ಯ.

1. ಚೆಕ್ಕಿನಲ್ಲಿರುವ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಅವಧಿಯಿದ್ದರೆ ಮತ್ತೊಮ್ಮೆಯೂ ಹಾಕಬಹುದು.

2. ಮರಳಿತೆಂಬ ತಿಳುವಳಿಕೆ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ, ಚೆಕ್ಕಿನ ಮೊತ್ತ ಕೇಳಿ ಲಿಖಿತ ನೋಟೀಸು ಕೊಡಬೇಕು. ಅಂಚೆ ರಸೀದಿಯನ್ನು ಜೋಪಾನವಾಗಿಡಿ. ಬಾಯಿಮಾತು ನೋಟೀಸಾಗದು.

3. ನೋಟೀಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನಗಳ ಕಾಲಾವಕಾಶವುಂಟು.

4. ಆಗಲೂ ಕೊಡದಿದ್ದರೆ, ಆ 15 ದಿನ ಕಳೆದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬೇಕು. 2015ರ ತಿದ್ದುಪಡಿಯಂತೆ, ಖಾತೆಗೆ ಜಮಾ ಮಾಡಲು ಹಾಕಿದ ಚೆಕ್ಕಾದರೆ, ನಿಮ್ಮ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ದೂರು ಕೊಡಬಹುದು. ವ್ಯಾಪಾರಿಯ ಊರಿಗೆ ಅಲೆಯಬೇಕಿಲ್ಲ.

ಚೆಕ್ಕು ಕಂಪೆನಿಯದಾಗಿದ್ದರೆ ಸಹಿ ಹಾಕಿದವರ ಮೇಲೆ ಮಾತ್ರ ದೂರು ಕೊಟ್ಟರೆ ಸಾಲದು, ಕಂಪೆನಿಯನ್ನೂ ಆರೋಪಿಯಾಗಿ ಸೇರಿಸಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆದುದರಿಂದ ಚೆಕ್ಕು ಪಡೆಯುವಾಗಲೇ ಅದು ಯಾರ ಖಾತೆಯದೆಂದು ನೋಡಿಕೊಳ್ಳಿ.

ಮಾಲಿನ ಬಾಕಿಗಾಗಿ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಅವಧಿಯಿದೆ. ಅದಕ್ಕೂ ತೂಕದ ಚೀಟಿ, ಬಿಲ್ಲುಗಳೇ ಆಧಾರ.

ಪರಿಚಯದವರಿಗೆ ನೋಟೀಸು ಕೊಡುವುದೆಂತು ಎಂಬ ಸಂಕೋಚ ಸಹಜವೇ. ಆದರೆ ಆ ಸಂಕೋಚಕ್ಕಾಗಿ ಕಾನೂನು ಒಂದು ದಿನವೂ ಕಾಯದು. ಚೆಕ್ಕು ಮರಳಿದ ವಾರದಲ್ಲೇ ಬ್ಯಾಂಕಿನ ಚೀಟಿಯೊಡನೆ ವಕೀಲರನ್ನು ಕಾಣಿರಿ.

— ಕಾರ್ಯದರ್ಶಿ